ಸುಭಾಷ ರಸ್ತೆಯ ಗಟ್ಟಿಂಗ್ ಕಾಕಾ

ಧಾರವಾಡದ ಸುಭಾಷ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ, ಟೇಲರ್ ಅಂಗಡಿಗೆ ಹತ್ತಿಕೊಂಡು, ಎಂಟು ಅಡಿ ಅಗಲದ ಆಟದ ಸಾಮಾನಿನ ಅಂಗಡಿ ಇದೆ. ಬೋರ್ಡಿನ ಬಣ್ಣ ಹೋಗಿ ಹೆಸರು ಕಾಣುವುದಿಲ್ಲ. ಮುಂದೆ ಕ್ಯಾರಂ ಬೋರ್ಡು, ಶಟಲ್ ಡಬ್ಬಿ, ಕ್ರಿಕೆಟ್ ಪ್ಯಾಡು. ರ‍್ಯಾಕೆಟ್‌ಗೆ ಗಟ್, ಅಂದರೆ ಎಳೆ, ಹಾಕಿ ಬಿಗಿಯುವ ಗಟ್ಟಿಂಗ್ ಮಷೀನು ಒಳಗೆ, ಟಿವಿಯ ಕೆಳಗೆ. ಟೆನಿಸ್ ಆಡುವವರು, ಅದರಲ್ಲೂ ಐವತ್ತು ದಾಟಿದ ಮೇಲೂ ಬಿಡದೆ ಆಡುವವರು, ಈ ಅಂಗಡಿಯನ್ನು ತಿಳಿದಿರಬೇಕು ಎಂದು ಬರೆಯುತ್ತಿದ್ದೇನೆ.

ನನಗೆ 54. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ವಾರಕ್ಕೆ ಮೂರು ದಿನ ಮುಂಜಾನೆ ಡಬಲ್ಸ್ ಆಡುತ್ತೇನೆ. 2024ರ ಜನವರಿಯಲ್ಲಿ ಬಲ ಮೊಣಕಾಲಿನ ಮೆನಿಸ್ಕಸ್, ಅಂದರೆ ಕೀಲಿನ ಒಳಗಿನ ಮೆತ್ತೆಯಂಥ ಮೃದ್ವಸ್ಥಿ, ಹರಿದು ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಅದಕ್ಕೂ ಮೊದಲು ಬೇರೊಂದು ಕಡೆ ಗಟ್ಟಿಂಗ್‌ಗೆ ಕೊಟ್ಟಿದ್ದೆ. ಎಷ್ಟು ಪೌಂಡ್ ಬಿಗಿತ ಬೇಕು ಎಂದು ಒಂದು ಮಾತೂ ಕೇಳದೆ ಹಲಗೆಯ ಹಾಗೆ ಬಿಗಿದು ಕೊಟ್ಟಿದ್ದರು. ಮೂರು ತಿಂಗಳು ಮೊಣಕೈ ನೋವು. ಆದ್ದರಿಂದ ಜುಲೈಯಲ್ಲಿ ಮತ್ತೆ ಆಡಲು ಡಾಕ್ಟರು ಒಪ್ಪಿದಾಗ, ಜೊತೆಗೆ ಆಡುವವರು ಹೇಳಿದ ಈ ಅಂಗಡಿಗೆ ಬಂದೆ. ವಿಂಬಲ್ಡನ್ ಫೈನಲ್ ಮುಗಿದು ಒಂದು ವಾರವೂ ಆಗಿರಲಿಲ್ಲ.

ಅಂಗಡಿಯ ಕಾಕಾ ರ‍್ಯಾಕೆಟ್ ನೋಡುವ ಮೊದಲು ನಾನು ಮೆಟ್ಟಿಲು ಹತ್ತಿದ್ದನ್ನು ನೋಡಿದ್ದರು. "ಮಣಕಾಲಿಗೆ ಏನಾಗೇತ್ರಿ ಅಕ್ಕಾರ?" ಎಂದರು. ಹೇಳಿದೆ. ಸ್ಟೂಲ್ ಎಳೆದು ಕೊಟ್ಟರು. ಆಮೇಲೆ ಒಂದೊಂದೇ ಪ್ರಶ್ನೆ: "ವಾರಕ್ಕ ಎಷ್ಟ ದಿನ ಆಡ್ತೀರಿ? ಮೊಣಕೈ ನೋಯ್ತೈತೇನು? ಚೆಂಡು ಗೆರಿ ದಾಟಿ ಹೊಕ್ಕಾವೋ, ನೆಟ್ಟಿಗೆ ಬೀಳ್ತಾವೋ?" ನೆಟ್ಟಿಗೆ ಬೀಳುತ್ತವೆ ಎಂದೆ. "ಹಂಗಾರ 50 ಪೌಂಡ್ ಸಾಕು. ಕಾಲಿನ ಕೆಲಸ ಒಂಚೂರು ಗಟ್ ಮಾಡ್ಲಿ." ಬಿಗಿತ ಇಳಿಸಿದರೆ ಚೆಂಡು ಹೆಚ್ಚು ದೂರ ಹೋಗುತ್ತದೆ, ಮೊಣಕೈಗೂ ಪೆಟ್ಟು ಕಡಿಮೆ ಎಂದು ಬಿಡಿಸಿ ಹೇಳಿದರು. ನನ್ನ ಎದುರಿಗೇ ಹಳೆ ಗಟ್ಟನ್ನು ನಡುವಿನಿಂದ ಕತ್ತರಿಸಿದರು. ಅಂಚಿನಿಂದ ಕತ್ತರಿಸಿದರೆ ಒಂದು ಬದಿಯ ಎಳೆತ ಉಳಿದು ಫ್ರೇಮು ಸೊಟ್ಟಾಗುತ್ತದಂತೆ.

ಗೋಡೆಯ ಮೇಲೆ ಸರ್ಬಿಯಾದ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್‌ನ ಚಿತ್ರವಿತ್ತು, ಪೇಪರಿನಿಂದ ಕತ್ತರಿಸಿ ಅಂಟಿಸಿದ್ದು. ಉದ್ದ ಎಳೆಗೆ ಕರುಳಿನ ಗಟ್, ಅಡ್ಡ ಎಳೆಗೆ ಪಾಲಿಯೆಸ್ಟರ್ ಹಾಕಿಸುತ್ತಾನೆ ಅವನು. ನನಗೂ ಹಾಗೇ ಹಾಕಿ ಎಂದೆ. ಕಾಕಾ ಒಪ್ಪಲಿಲ್ಲ. "ಈ ಮಳಿಯೊಳಗ ಆಕಳ ಕರಳಿನ ಗಟ್ ಹಾಕಿದ್ರ ನಾರು ಬಿಡತೈತಿ. ರೊಕ್ಕ ದಂಡ ಮಾಡಬ್ಯಾಡ್ರಿ." ಸಾದಾ ಸಿಂಥೆಟಿಕ್ ಗಟ್ ತೆಗೆದರು. ಸಾವಿರಾರು ರೂಪಾಯಿಯ ಮಾಲು ಮಾರುವ ಅವಕಾಶವನ್ನು ಹೀಗೆ ಕೈಬಿಟ್ಟ ಅಂಗಡಿಕಾರರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ದಿನ ನಮ್ಮ ಮಾತು ಹೆಚ್ಚಾಗಿ ನೊವಾಕ್‌ನದೇ. ಜೂನ್ ಮೊದಲ ವಾರ ಅವನಿಗೂ ಬಲ ಮೊಣಕಾಲಿನ ಮೆನಿಸ್ಕಸ್ ಆಪರೇಷನ್ ಆಗಿತ್ತು. 37 ವರ್ಷ, 24 ಗ್ರ್ಯಾಂಡ್ ಸ್ಲಾಮ್, ಆದರೆ ಒಲಿಂಪಿಕ್ಸ್ ಚಿನ್ನ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಸೆಮಿಫೈನಲ್‌ನಲ್ಲಿ ನಡಾಲ್‌ಗೆ ಸೋತು ಕಂಚು. ಲಂಡನ್‌ನಲ್ಲಿ ಮರ್ರೆಗೆ ಸೋತು, ಕಂಚಿನ ಪಂದ್ಯವೂ ಕೈತಪ್ಪಿತು. ರಿಯೊದಲ್ಲಿ ಮೊದಲ ಸುತ್ತಿನಲ್ಲೇ ಡೆಲ್ ಪೊಟ್ರೊ ಎದುರು ಎರಡೂ ಸೆಟ್ 6-6 ಆಗಿ ಟೈಬ್ರೇಕ್‌ನಲ್ಲಿ ಸೋತು ಅಳುತ್ತ ಕೋರ್ಟು ಬಿಟ್ಟ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಟೋಕಿಯೊದಲ್ಲಿ ಜ್ವೆರೆವ್ ಎದುರು ಮೊದಲ ಸೆಟ್ಟು 6-1ರಿಂದ ಗೆದ್ದವನು ಮುಂದಿನ ಎರಡನ್ನೂ ಬಿಟ್ಟುಕೊಟ್ಟ.

"ಈ ಸಲ ಪ್ಯಾರಿಸ್ ಒಲಿಂಪಿಕ್ಸ್‌ನ್ಯಾಗೂ ಆಗಂಗಿಲ್ಲೇನೋ ಕಾಕಾ, ಆ ಸ್ಪೇನಿನ ಹುಡುಗ ಅಲ್ಕರಾಜ್ ವಿಂಬಲ್ಡನ್‌ನ್ಯಾಗ ಮೂರು ಸೆಟ್ಟಿಗೇ ಮುಗಿಸ್ಯಾನ" ಎಂದೆ. ಕಾಕಾ ಕೈಯಲ್ಲಿದ್ದ ಕ್ಲ್ಯಾಂಪು ಕೆಳಗಿಟ್ಟರು. "ಆಪರೇಷನ್ ಆಗಿ ಆರು ವಾರದೊಳಗ ಫೈನಲ್ ಆಡ್ಯಾನಲ್ರಿ. ಹೊಲಿಗಿ ಬಿಚ್ಚಿದ ಕಾಲು ಅದು. ನೀವು ಆರು ತಿಂಗಳ ಮ್ಯಾಲೆ ಬಂದೀರಿ, ನಿಮಗ ಗೊತ್ತಿರಬೇಕು." ಹೌದು, ನನಗೆ ಗೊತ್ತಿತ್ತು. ಸುಮ್ಮನಾದೆ.

ಈಗ ಕೊರತೆ. ಗುರುವಾರ ಕೊಡುತ್ತೇನೆ ಎಂದ ರ‍್ಯಾಕೆಟ್ ಎರಡು ವಾರ ತಡವಾಯಿತು. ಶಾಲಾ ಮಕ್ಕಳ ಪಂದ್ಯಾವಳಿಯ ರ‍್ಯಾಕೆಟ್‌ಗಳು ರಾಶಿ ಬಿದ್ದಿದ್ದವು, ಅವನ್ನೇ ಮೊದಲು ಮಾಡುತ್ತಿದ್ದರು. ಅದು ಸರಿಯೇ ಇರಬಹುದು, ಆದರೆ ಫೋನ್ ಎತ್ತುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ಸಪ್ತಾಪುರದಿಂದ ಎರಡು ಸಲ ಬಂದು ಬರಿಗೈಯಲ್ಲಿ ಹೋಗಿದ್ದೇನೆ. ಎರಡನೇ ಸಲ ಬಂದಾಗ ಕಾಕಾ ಸಪ್ಪಗಿದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ, 44ನೇ ವಯಸ್ಸಿನಲ್ಲಿ, ಶ್ರೀರಾಮ್ ಬಾಲಾಜಿ ಜೊತೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತಿದ್ದ. ರಿಯೊದಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯದವರೆಗೂ ಹೋಗಿ ನಾಲ್ಕನೆಯವನಾದವನು. ಅದೇ ಜನವರಿಯಲ್ಲಿ ಅವನ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದ ಮ್ಯಾಥ್ಯೂ ಎಬ್ಡೆನ್ ಪ್ಯಾರಿಸ್‌ನಲ್ಲಿ ಬೇರೆ ಜೋಡಿಯಾಗಿ ಡಬಲ್ಸ್ ಚಿನ್ನ ಗೆದ್ದ. ಕಾಕಾ ಅದನ್ನು ಆಮೇಲೆ ಎರಡು ಮೂರು ಸಲ ಹೇಳಿದರು.

ಆಗಸ್ಟ್ 4, ಭಾನುವಾರ, ನಾಗರ ಅಮಾವಾಸ್ಯೆ. ಪಂಚಮಿ ಉಂಡಿಗೆ ಶೇಂಗಾ, ಬೆಲ್ಲ ತೆಗೆದುಕೊಂಡು ಬರುವಾಗ ಓಣಿಯೊಳಗೆ ಇಣುಕಿದೆ. ಷಟರ್ ಅರ್ಧ ಇಳಿದಿತ್ತು, ಒಳಗೆ ಟಿವಿಯಲ್ಲಿ ಒಲಿಂಪಿಕ್ಸ್ ಫೈನಲ್‌ನ ಸಪ್ಪಳ. ಕಾಕಾ, ಪಕ್ಕದ ಟೇಲರ್, ಇಬ್ಬರು ಕಾಲೇಜು ಹುಡುಗರು. ನನಗೂ ಸ್ಟೂಲ್ ಬಂತು. ನನ್ನ ರ‍್ಯಾಕೆಟ್ ಮಷೀನಿನ ಮೇಲೇ ಇತ್ತು, ಉದ್ದ ಎಳೆ ಮುಗಿದು ಅಡ್ಡ ಎಳೆ ಬಾಕಿ. "ಮ್ಯಾಚ್ ನೋಡ್ಕೋತ ಎಳಿ ಬಿಗಿಬಾರದು, ಹೆಚ್ಚುಕಮ್ಮಿ ಆಕ್ಕೈತಿ" ಎಂದು ಹಾಗೇ ಬಿಟ್ಟಿದ್ದರು.

ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲಾಂ ಗ್ಯಾರೋಸ್‌ನ ಅದೇ ಕೆಂಪು ಮಣ್ಣು, ಎರಡು ತಿಂಗಳ ಹಿಂದೆ ನೊವಾಕ್‌ನ ಮೊಣಕಾಲು ಹರಿದ ಜಾಗ. ಕ್ವಾರ್ಟರ್‌ಫೈನಲ್‌ನಲ್ಲಿ ಸಿಸಿಪಾಸ್ ಎದುರು ಕಾಲು ಮತ್ತೆ ನೊಂದಿತ್ತು, ಎರಡನೇ ಸೆಟ್ಟಿನಲ್ಲಿ 0-4ರಿಂದ ಎದ್ದು ಬಂದಿದ್ದ. ಫೈನಲ್‌ನಲ್ಲಿ ಬೂದು ಬಣ್ಣದ ಪಟ್ಟಿ ಕಾಲಿಗೆ. ಎದುರಿಗೆ 21 ವರ್ಷದ ಅಲ್ಕರಾಜ್. ಬೀಜಿಂಗ್‌ನಲ್ಲಿ ನೊವಾಕ್‌ಗೂ 21 ಇತ್ತು. ಮೊದಲ ಸೆಟ್ಟೇ ಒಂದೂವರೆ ತಾಸು. ಇಡೀ ಪಂದ್ಯದಲ್ಲಿ ಇಬ್ಬರೂ ಒಂದು ಸಲವೂ ಸರ್ವ್ ಕಳೆದುಕೊಳ್ಳಲಿಲ್ಲ. ನೊವಾಕ್‌ನ ಸರ್ವ್ ಮುರಿಯಲು ಅಲ್ಕರಾಜ್‌ಗೆ ಸಿಕ್ಕ ಅವಕಾಶ, ಅಂದರೆ ಬ್ರೇಕ್ ಪಾಯಿಂಟ್, ಎಂಟು, ಎಂಟನ್ನೂ ನೊವಾಕ್ ಉಳಿಸಿಕೊಂಡ. ಪ್ರತಿ ಸಲವೂ ಟೇಲರ್ ಎದ್ದು ನಿಲ್ಲುತ್ತಿದ್ದರು. ಎರಡೂ ಟೈಬ್ರೇಕ್ ನೊವಾಕ್‌ನದು, 7-6, 7-6. ಕೊನೆಯ ಫೋರ್‌ಹ್ಯಾಂಡ್ ಹೋದಾಗ ಹುಡುಗರು ಕೂಗಿದರು. ನೊವಾಕ್ ಮಣ್ಣಿಗೆ ಕುಸಿದು ಅತ್ತ, ಆಮೇಲೆ ಮೇಲೆ ಹತ್ತಿ ಮಗಳನ್ನು ಅಪ್ಪಿಕೊಂಡ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಕಾಕಾ "ಹದಿನಾರು ವರ್ಷ ಆತು ನೋಡ್ರಿ" ಎಂದರು. ಆಮೇಲೆ ಷಟರ್ ಎತ್ತಿ, ಚಹಾ ತರಲು ಹುಡುಗನನ್ನು ಕಳಿಸಿದರು.

ಮಂಗಳವಾರ ರ‍್ಯಾಕೆಟ್ ಕೈಗೆ ಬಂತು. ಗಟ್ 450, ಕೂಲಿ 200. ಈಗ ಗಣೇಶ ಚವತಿ ಹತ್ತಿರ ಬಂತು, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಆಡಿದ್ದೇನೆ. ಮೊಣಕೈ ನೋವಿಲ್ಲ. ಬ್ಯಾಕ್‌ಹ್ಯಾಂಡ್ ನೆಟ್ಟು ದಾಟುತ್ತಿದೆ. ಅಡ್ಡ ಎಳೆಗಳು ಒಂದೂ ಸರಿದಿಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಕಡಿಮೆ ಮಾಡಿದ್ದು ತಡಕ್ಕೆ, ಫೋನಿಗೆ. ಅವಸರವಿದ್ದವರು ಪಂದ್ಯಾವಳಿಯ ದಿನಗಳನ್ನು ಬಿಟ್ಟು ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕು ಊಟದ ಹೊತ್ತು. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ ಬದಲಿಸಬೇಕು ಎನ್ನುವುದು ಕಾಕಾ ಲೆಕ್ಕ. ಹಿಡಿಕೆಯ ಮೇಲೆ ಸಣ್ಣ ಚೀಟಿ ಅಂಟಿಸಿ ಕೊಟ್ಟಿದ್ದಾರೆ: 5-8-2024, 50 ಪೌಂಡ್, ಮುಂದಿನದು ಡಿಸೆಂಬರ್.