ಗೋಲ್ಡ್‌ಫಿಶ್ ಸಾಗಿಸುವ ಮಡಚೋ ಬಕೆಟ್ ಕಿಟ್: ಬಕೆಟ್‌ಗೆ 5ಕ್ಕೆ 4, ಬಲೆಗೆ ಸೊನ್ನೆ

ಬಕೆಟ್ ಒಳ್ಳೇದುಂಟು, ಪಂಪ್ ಪರವಾಗಿಲ್ಲ, ಜತೆಗೆ ಕೊಡುವ ಬಲೆ ಸೀದಾ ಕಸದ ಡಬ್ಬಕ್ಕೆ. ಅವಸರದಲ್ಲಿ ಇರುವವರಿಗೆ ಇಷ್ಟು ಸಾಕು. ಮನೆ ಶಿಫ್ಟ್ ಮಾಡ್ತಾ ಇದ್ದು, ಮೂಲೆಯಲ್ಲಿರುವ ಟ್ಯಾಂಕ್ ನೋಡಿ ತಲೆ ಕೆಡಿಸ್ಕೊಂಡವರು ಮುಂದೆ ಓದಿ.

ನಮ್ಮದು ಮುಂಬೈಯ ಮುಲುಂಡಿನಿಂದ ಪುಣೆಯ ವಾಕಡಿಗೆ ಶಿಫ್ಟಿಂಗ್. ಮೀನು ಮೂರು, ಎರಡು ಒರಾಂಡ, ಒಂದು ಕಪ್ಪು ಮೂರ್ (ಎರಡೂ ಗೋಲ್ಡ್‌ಫಿಶಿನ ತಳಿಗಳು), ಮೂರೂ ಅಂಗೈ ತುಂಬುವಷ್ಟು ದೊಡ್ಡದಾಗಿವೆ. ಪ್ಯಾಕರ್ಸ್‌ನವರು ಗಿಡ ಬೇಕಾದ್ರೆ ತಗೊಳ್ತೇವೆ, ಜೀವ ಇರುವ ಮೀನು ಮುಟ್ಟುದಿಲ್ಲ ಅಂದ್ರು. ಅವರ ತಪ್ಪಲ್ಲ ಬಿಡಿ. ಹಾಗೆ ಆನ್‌ಲೈನಲ್ಲಿ ಹುಡುಕಿ ತರಿಸಿದ್ದು ಈ ಕಿಟ್. ಗಾಳ ಹಾಕಿ ಮೀನು ಹಿಡಿಯುವವರಿಗೆ ಅಂತ ಮಾಡಿದ ಸಾಮಾನು ಇದು, ಈವಿಎ ಅನ್ನುವ ಮೆತ್ತಗಿನ ಪ್ಲಾಸ್ಟಿಕ್ಕಿನ 25 ಲೀಟರಿನ ಬಕೆಟ್, ಜಿಪ್ ಇರುವ ಮುಚ್ಚಳ, ಯುಎಸ್‌ಬಿ ಚಾರ್ಜಿನ ಏರ್ ಪಂಪ್, ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ಏರ್‌ಸ್ಟೋನ್, ಒಂದು ಬಲೆ. ಸಾವಿರದ ಚಿಲ್ಲರೆ ರೂಪಾಯಿ. ಒಂದು ಗೋಲ್ಡ್‌ಫಿಶಿಗೆ ಇಷ್ಟೆಲ್ಲ ಖರ್ಚಾ ಅಂತ ಮಾವ ಕೇಳಿದ್ರು. ಸರಿಯಾಗಿ ಸಾಕಿದ್ರೆ ಇವು ಹತ್ತು ಹದಿನೈದು ವರ್ಷ ಆರಾಮಾಗಿ ಇರ್ತಾವೆ, ಇಂಗ್ಲೆಂಡಿನಲ್ಲಿ ಟಿಶ್ ಅಂತ ಒಂದು 43 ವರ್ಷ ಬದುಕಿ 1999ರಲ್ಲಿ ಸತ್ತದ್ದು, ನಮ್ಮ ಫ್ರಿಜ್ಜೇ ಅಷ್ಟು ಬಾಳುದಿಲ್ಲ ಮಾವ ಅಂದೆ.

ಕುರ್ಲಾದಲ್ಲೋ ಕ್ರಾಫರ್ಡ್ ಮಾರ್ಕೆಟಿನಲ್ಲೋ ಅಂಗಡಿಯವರು ಆಕ್ಸಿಜನ್ ತುಂಬಿ ಕವರ್ ಕಟ್ಟಿ ಕೊಡ್ತಾರಲ್ಲ, ಅದೇ ಸಾಕಲ್ವಾ ಅಂತ ಕೇಳಬಹುದು. ಚಿಕ್ಕ ಮೀನಾದ್ರೆ ಸಾಕು, ಬೆಸ್ಟ್ ಕೂಡ. ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್, ಡಬಲ್ ಕವರ್, ಮೂಲೆಗೆ ರಬ್ಬರ್ ಬ್ಯಾಂಡ್ ಹಾಕಿ ದುಂಡಗೆ ಮಾಡಿದ್ರೆ ಮೀನು ಮೂಲೆಯಲ್ಲಿ ಸಿಕ್ಕಿ ಒದ್ದಾಡುದಿಲ್ಲ. ಬಾಯಲ್ಲಿ ಊದಿ ಕವರ್ ಉಬ್ಬಿಸುವವರ ಹತ್ರ ಮಾತ್ರ ಮೀನೇ ತಗೊಳ್ಬೇಡಿ. ಆದ್ರೆ ಕವರಿನ ಒಳಗೆ ಒಂದು ವಿಚಿತ್ರ ಲೆಕ್ಕ ನಡೀತದೆ. ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಹಾಗಾಗಿ ನೀರಿನ ಪಿಎಚ್ ಇಳೀತದೆ, ಅಂದ್ರೆ ನೀರು ಆಮ್ಲದ ಕಡೆಗೆ ವಾಲ್ತದೆ, ಪಿಎಚ್ ಇಳಿದಾಗ ಕಿವಿರಿನಿಂದ ಬಂದ ಅಮೋನಿಯಾ ಹೆಚ್ಚಿನದ್ದು ಅಮೋನಿಯಂ ಆಗಿ ಕೂತಿರ್ತದೆ, ಅದು ಅಷ್ಟು ವಿಷ ಅಲ್ಲ. ಕವರ್ ಬಿಚ್ಚಿದ ಕೂಡ್ಲೇ ಗ್ಯಾಸ್ ಹಾರಿಹೋಗಿ ಪಿಎಚ್ ಏರ್ತದೆ, ಅದೇ ಅಮೋನಿಯಂ ತಿರುಗಿ ವಿಷ ಆಗ್ತದೆ. ಅದಕ್ಕೆ ಗಂಟೆಗಟ್ಟಲೆ ಪ್ರಯಾಣ ಮಾಡಿದ ಕವರ್ ಬಿಚ್ಚಿಟ್ಟು ನಿಧಾನಕ್ಕೆ ಹನಿ ಹನಿ ಹೊಸ ನೀರು ಬಿಡ್ತಾ ಕೂತ್ಕೊಳ್ಬಾರದು. ಕಟ್ಟಿದ ಹಾಗೇ 15-20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಬಿಸಿ ಸಮ ಆದ್ಮೇಲೆ ಬಿಚ್ಚಿ, ಮೀನನ್ನು ತಕ್ಷಣ ಒಳಗೆ ಬಿಟ್ಟು ಕವರಿನ ನೀರು ಸಿಂಕಿಗೆ.

ಬಕೆಟಿನಲ್ಲಿ ಈ ಕತೆ ಉಲ್ಟಾ. ಪಂಪು ಗ್ಯಾಸನ್ನು ಓಡಿಸ್ತಾನೇ ಇರ್ತದೆ, ಪಿಎಚ್ ಬೀಳುದಿಲ್ಲ, ಅಂದ್ರೆ ಅಮೋನಿಯಾ ಮೊದಲಿಂದಲೇ ವಿಷ. ಆದ್ರೆ ಕೊನೆಗೆ ಶಾಕ್ ಇಲ್ಲ, ಮುಚ್ಚಳ ತೆಗೆದು ನೋಡಬಹುದು, ದಾರಿಯಲ್ಲಿ ನೀರು ಬದಲಾಯಿಸಬಹುದು, ತಲುಪಿದ ಮೇಲೆ ನಿಧಾನಕ್ಕೆ ಹೊಸ ನೀರಿಗೆ ಒಗ್ಗಿಸಬಹುದು. ದೊಡ್ಡ ಮೀನಿಗೆ ನಾನು ಬಕೆಟ್ ಅನ್ನುದು ಇದಕ್ಕೇ. ಅಮೋನಿಯಾಕ್ಕೆ ಮದ್ದು ಎರಡು. ಹಿಂದಿನ ದಿನದಿಂದಲೇ ಊಟ ಬಂದ್, ಗೋಲ್ಡ್‌ಫಿಶಿಗೆ ಸರಿಯಾದ ಹೊಟ್ಟೆ ಅಂತ ಬೇರೆ ಇಲ್ಲ, ತಿಂದದ್ದು ಕರುಳಿನಿಂದ ಸೀದಾ ನೀರಿಗೆ, ಉಪವಾಸದಿಂದ ಅವು ಸಾಯುದಿಲ್ಲ ಹೆದರ್ಬೇಡಿ. ಇನ್ನೊಂದು ವಾಟರ್ ಕಂಡೀಷನರ್, ಕ್ಲೋರಿನ್ ತೆಗೆದು ಅಮೋನಿಯಾದ ವಿಷವನ್ನೂ ತಗ್ಗಿಸ್ತದೆ ಅಂತ ಕಂಪನಿಯವರು ಹೇಳುವ ದ್ರಾವಣ. ನಾನು ಹಾಕಿದ್ದು ಸೀಕೆಮ್ ಪ್ರೈಮ್, ಬಾಟಲಿ ಮೇಲೆ 200 ಲೀಟರಿಗೆ 5 ಎಂಎಲ್ ಅಂತ ಉಂಟು, ಬಕೆಟಿಗೆ ಅರ್ಧ ಎಂಎಲ್ ಆಸುಪಾಸು ಅಷ್ಟೆ, ಮೆಡಿಕಲ್ಲಿಂದ ಒಂದು ಸಿರಿಂಜ್ ತಗೊಳ್ಳಿ. ಅಂಗಡಿಯಲ್ಲಿ ಸಿಗುವ ಅಗ್ಗದ ಆಂಟಿ ಕ್ಲೋರಿನ್ ಬರೀ ಕ್ಲೋರಿನ್ ತೆಗೀತದೆ, ಅಮೋನಿಯಾಕ್ಕೆ ಅದರಿಂದ ಎಂತದೂ ಆಗುದಿಲ್ಲ.

ಈಗ ಬಲೆ. ಎಂತ ಸಾವು ಮಾರಾಯ್ರೆ ಅದು, ಒರಟು ನೈಲಾನ್, ಕಣ್ಣು ದೊಡ್ಡದು. ಗೋಲ್ಡ್‌ಫಿಶಿನ ಬೆನ್ನಿನ ರೆಕ್ಕೆಯ ಮುಂದೆ ಒಂದು ಗಟ್ಟಿ ಮುಳ್ಳುಂಟು, ಅದಕ್ಕೆ ಗರಗಸದ ಹಲ್ಲು, ಮುಳ್ಳುಬೇಲಿಗೆ ಸೀರೆ ಸಿಕ್ಕಿದ ಹಾಗೆ ಬಲೆಗೆ ಸಿಕ್ಕಿ ರೆಕ್ಕೆ ಹರೀತದೆ. ಮೂರ್‌ನ ಹೊರಗೆ ಬಂದ ಕಣ್ಣಿಗಂತೂ ಈ ಬಲೆ ತಾಗಿಸ್ಲೇಬಾರದು, ಒರಾಂಡದ ತಲೆಯ ಗುಪ್ಪೆಗೂ ಅಷ್ಟೆ. ಮೈಮೇಲಿನ ಲೋಳೆ ಉಜ್ಜಿ ಹೋದ್ರೆ ಆಮೇಲೆ ಫಂಗಸ್ಸು. ಹಿಡಿಯುವ ಸರಿ ಕ್ರಮ ಅಂದ್ರೆ ಮೊದಲು ಟ್ಯಾಂಕಿನ ನೀರು ಮೂರರಲ್ಲಿ ಒಂದು ಪಾಲಿಗೆ ಇಳಿಸುದು, ಆ ನೀರನ್ನೇ ಬಕೆಟಿಗೆ ತುಂಬುದು, ಆಮೇಲೆ ಹಳೇ ಐಸ್‌ಕ್ರೀಮ್ ಡಬ್ಬ ಒಳಗೆ ಮುಳುಗಿಸಿ ಹಿಡ್ಕೊಂಡು ಇನ್ನೊಂದು ಕೈಯಿಂದ ಮೀನನ್ನು ಮೆಲ್ಲ ಅದರ ಕಡೆಗೆ ಓಡಿಸುದು, ಹೋದ ಮೇಲೆ ನೀರು ಸಮೇತ ಎತ್ತುದು. ಅಟ್ಟಿಸಿಕೊಂಡು ಹೋಗ್ಬೇಡಿ, ಸುಸ್ತಾದ ಮೀನು ಆಕ್ಸಿಜನ್ ಜಾಸ್ತಿ ಎಳೀತದೆ. ಕೈಯಲ್ಲೇ ಎತ್ತಬೇಕಾದ್ರೆ ಕೈ ಒದ್ದೆ ಇರ್ಬೇಕು, ಸೋಪು, ಸ್ಯಾನಿಟೈಸರ್, ತಲೆಗೆ ಹಚ್ಚಿದ ತೆಂಗಿನೆಣ್ಣೆ ಯಾವುದೂ ಇರ್ಬಾರದು, ಎರಡೂ ಅಂಗೈ ಹೊಟ್ಟೆಯ ಕೆಳಗೆ. ಬಾಲ ಹಿಡಿದು ಎತ್ತುವ ಮಕ್ಕಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿ.

ಪಂಪ್ ಸದ್ದು ಜೋರು, ಬಾಕ್ಸಿನಲ್ಲಿ ಬರೆದಷ್ಟು ಹೊತ್ತು ಚಾರ್ಜ್ ಬರುದಿಲ್ಲ, ಪವರ್ ಬ್ಯಾಂಕ್ ಜತೆಗೆ ಇರ್ಲಿ. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ, ಕಿಟ್ಟಿನಲ್ಲಿ ನಾನ್ ರಿಟರ್ನ್ ವಾಲ್ವ್ ಇಲ್ಲ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟು ಅದು ನಿಂತ್ರೆ ಪೈಪಿನಿಂದ ನೀರು ವಾಪಸ್ ಬಂದು ಪಂಪೂ ಹಾಳು, ಕಾರಿನ ಕಾರ್ಪೆಟ್ಟೂ ಹಾಳು. ಕೆಲವೇ ರೂಪಾಯಿಯ ಸಾಮಾನು, ಕೊಡ್ಲಿಕ್ಕೆ ಎಂತ ಕಷ್ಟವೋ. ಬೇರೆ ತಗೊಂಡು ಹಾಕಿ, ಇಲ್ಲದಿದ್ರೆ ಪಂಪನ್ನು ಸೀಟಿನ ಹೆಡ್‌ರೆಸ್ಟಿಗೆ ನೇತಾಡಿಸಿ.

ಬಕೆಟಿಗೆ ಒಂದು ಸ್ಟಾರ್ ಕಟ್ ಮಾಡಿದ್ದು ಹೊಸದರ ವಾಸನೆಗೆ. ಸೋಪು ಹಾಕದೆ ತೊಳೆದು, ಒಂದೆರಡು ದಿನ ನೀರು ತುಂಬಿಟ್ಟು ಚೆಲ್ಲಿದ ಮೇಲೇ ಮೀನು ಹಾಕಿ. ಅದು ಬಿಟ್ರೆ ಘಾಟಿಯಲ್ಲಿ ಇದರ ಬೆಲೆ ಗೊತ್ತಾಗುದು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಇರುದು 94.5 ಕಿಲೋಮೀಟರ್ ಮಾತ್ರ, ಆದ್ರೆ ಖಂಡಾಳದಲ್ಲಿ ಲಾರಿ ಸಾಲು ನಿಂತ್ರೆ ಯಾವಾಗ ತಲುಪ್ತೇವೆ ಅಂತ ದೇವರಿಗೇ ಗೊತ್ತು, ಬ್ರೇಕ್ ಹಾಕಿದಾಗೆಲ್ಲ ನೀರು ಹೊಯ್ದಾಡ್ತದೆ, ಪೇಂಟಿನ ಬಕೆಟ್ ಆದ್ರೆ ಮೀನಿನ ಮೂತಿ ಗಟ್ಟಿ ಗೋಡೆಗೆ ಹೊಡೀತದೆ, ಇಲ್ಲಿ ಗೋಡೆಯೇ ಮೆತ್ತಗೆ. ಮುಚ್ಚಳ ಹಾಕಿದ್ರೆ ಒಳಗೆ ಕತ್ತಲೆ, ಮೀನೂ ಸುಮ್ಮನಿರ್ತದೆ. ಡಿಕ್ಕಿಯಲ್ಲಿ ಇಡ್ಬೇಡಿ, ಮುಂದಿನ ಸೀಟಿನ ಹಿಂದೆ ನೆಲದಲ್ಲಿ, ಎಸಿ 24ರಲ್ಲಿ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಕ್ಸಿಜನ್ ಕರಗ್ತದೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೆ, ಫುಡ್ ಮಾಲಿನ ಬಿಸಿಲಲ್ಲಿ ಕಾರ್ ಲಾಕ್ ಮಾಡಿ ವಡಾಪಾವ್ ತಿನ್ಲಿಕ್ಕೆ ಎಲ್ಲರೂ ಒಟ್ಟಿಗೆ ಇಳಿಯುದು ಬೇಡ, ಒಬ್ಬರು ಕಾರಲ್ಲೇ ಇರಿ. ಬಿಸಿ ಆಯ್ತು ಅಂತ ಐಸ್ ತುಂಡು ನೀರಿಗೆ ಹಾಕುದೂ ಬೇಡ, ಐಸ್ ಬಾಟಲಿಯನ್ನು ಬಕೆಟಿನ ಹೊರಗೆ ತಾಗಿಸಿ ಇಡಿ.

ಮುಂಬೈ ನೀರು ಮೆದು, ಪುಣೆಯಲ್ಲಿ ಸೊಸೈಟಿಗೆ ಬೋರಿನ ಟ್ಯಾಂಕರ್ ಬಂದ್ರೆ ಗಡಸು. ಇಲ್ಲಿ ಬಕೆಟ್ ಮತ್ತೆ ಉಪಯೋಗಕ್ಕೆ ಬಂತು, ಪಂಪ್ ಓಡ್ತಾ ಇರುವಾಗಲೇ ಸ್ವಲ್ಪ ಹಳೇ ನೀರು ತೆಗೆದು, ಪ್ರೈಮ್ ಹಾಕಿದ ಹೊಸ ನೀರು ಸ್ವಲ್ಪ ಹಾಕುದು, ಹೀಗೆ ಮೆಲ್ಲ ಮೆಲ್ಲ. ಫಿಲ್ಟರಿನ ಸ್ಪಂಜ್ ಒಣಗದ ಹಾಗೆ ಟ್ಯಾಂಕ್ ನೀರಿನಲ್ಲೇ ಬೇರೆ ಡಬ್ಬದಲ್ಲಿ ತನ್ನಿ, ನಳ್ಳಿ ನೀರಲ್ಲಿ ತೊಳೆದ್ರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸತ್ತು ಹೊಸ ಮನೆಯಲ್ಲಿ ಎಲ್ಲ ಮೊದಲಿಂದ ಶುರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿಯೇ ಎತ್ತಿ, ನೀರು ಲೀಟರಿಗೆ ಒಂದು ಕಿಲೋ, ಆ ಭಾರಕ್ಕೆ ಮೂಲೆಯ ಸಿಲಿಕಾನ್ ಅಂಟು ಬಿಟ್ಕೊಳ್ತದೆ. ಮೊದಲ ರಾತ್ರಿ ಲೈಟೂ ಇಲ್ಲ, ಊಟವೂ ಇಲ್ಲ.

ಒಂದಿಂಚಿನ ಮೀನು ಇರುವವರು ಈ ಕಿಟ್ ತಗೊಳ್ಳುದು ಬೇಡ, ಹತ್ತಿರದ ಅಂಗಡಿಯಲ್ಲಿ ಆಕ್ಸಿಜನ್ ಕವರ್ ಕಟ್ಟಿಸಿ. ದೊಡ್ಡ ಮೀನು ಇದ್ದವರು ತಗೊಳ್ಳಿ, ಬಲೆ ಇಲ್ಲದೆ ಬರೀ ಬಕೆಟ್ ಪಂಪ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಇನ್ನೂ ಅಗ್ಗ ಆಗ್ತದೆ.