ಫ್ಲಕ್ಸ್‌ನೆಟ್-ಸಿಎಚ್4: ಹಿಮನೆಲದ ಮೀಥೇನ್ ಲೆಕ್ಕಕ್ಕೆ ಒದಗಿದ ದತ್ತಾಂಶ

ಫ್ಲಕ್ಸ್‌ನೆಟ್-ಸಿಎಚ್4 ಎಂಬುದು ಜಗತ್ತಿನ ಹಲವು ತಾಣಗಳಲ್ಲಿ ನೆಲದಿಂದ ಗಾಳಿಗೆ ಸೇರುವ ಮೀಥೇನ್‌ನ (ಸಿಎಚ್4) ಅಳತೆಗಳನ್ನು ಒಟ್ಟುಗೂಡಿಸಿದ ದತ್ತಾಂಶ. ಉತ್ತರ ಧ್ರುವದ ಸುತ್ತ, ವರ್ಷವಿಡೀ ಕರಗದ ಹಿಮನೆಲದ ಮೇಲೆ ಹರಡಿರುವ ಜೌಗುಗಳಿಂದ ಎಷ್ಟು ಮೀಥೇನ್ ಹೊರಬೀಳುತ್ತದೆ ಎಂದು ಗಣಕ ಮಾದರಿಗಳ ಮೂಲಕ ಅಂದಾಜಿಸುವವರಿಗೆ, ಆ ಅಂದಾಜನ್ನು ಒರೆಗೆ ಹಚ್ಚಲು ಉಚಿತವಾಗಿ ಸಿಗುವ ಅತ್ಯುತ್ತಮ ಸಾಮಗ್ರಿ ಈ ದತ್ತಾಂಶವೆಂದು ನಾನು ಭಾವಿಸುತ್ತೇನೆ. 2021ರಲ್ಲಿ ವಿವರವಾಗಿ ಪ್ರಕಟವಾದ ಮೊದಲ ಆವೃತ್ತಿಯಲ್ಲಿ 79 ತಾಣಗಳ ಅರ್ಧ ಗಂಟೆಯ ಹಾಗೂ ದೈನಿಕ ಅಳತೆಗಳಿದ್ದು, ಅವುಗಳಲ್ಲಿ 42 ಸಿಹಿನೀರಿನ ಜೌಗುಗಳು. ಸೈಬೀರಿಯಾದ ಚೆರ್ಸ್ಕಿ, ಸ್ವೀಡನ್ನಿನ ಸ್ಟೋರ್ಡಾಲೆನ್ ಮತ್ತು ಅಲಾಸ್ಕಾದ ಟಂಡ್ರಾ ಒಂದೇ ನಮೂನೆಯ ಕಡತಗಳಲ್ಲಿ ಸಿಗುವುದು ದೊಡ್ಡ ಅನುಕೂಲ. ಹವಾಮಾನದ ವಿವರಗಳೂ ಜೊತೆಗಿವೆ.

ಕೊರತೆ ಇರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಕರಗಿದ್ದ ಹಿಮನೆಲದ ಮೇಲ್ಪದರವು ಮೇಲಿನಿಂದಲೂ ಕೆಳಗಿನಿಂದಲೂ ಹೆಪ್ಪುಗಟ್ಟುತ್ತಿರುವಾಗ ನಡುವಿನ ಮಣ್ಣು ವಾರಗಟ್ಟಲೆ ಶೂನ್ಯ ಡಿಗ್ರಿಯ ಆಸುಪಾಸಿನಲ್ಲೇ ಉಳಿದು ಮೀಥೇನ್ ಉತ್ಪಾದಿಸುತ್ತಲೇ ಇರುತ್ತದೆ. ಅಲಾಸ್ಕಾದ ಟಂಡ್ರಾದಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗಿನ ಶೀತಕಾಲದ ಪಾಲು ವಾರ್ಷಿಕ ಮೊತ್ತದ ಅರ್ಧಕ್ಕಿಂತ ಕಡಿಮೆಯಿಲ್ಲವೆಂದು 2016ರ ಅಧ್ಯಯನವೊಂದು ತೋರಿಸಿದೆ. ಆದರೆ ವಿದ್ಯುತ್ ದುರ್ಲಭವಾದ, ಉಪಕರಣಗಳ ಮೇಲೆ ಮಂಜು ಕಟ್ಟುವ ಆ ದಿನಗಳಲ್ಲೇ ಅಳತೆಗಳು ವಿರಳ. ಅಳತೆಯಿಲ್ಲದ ಆ ತೆರಪುಗಳಲ್ಲಿ ಕೃತಕ ನರಜಾಲದಿಂದ (ಲಭ್ಯ ಅಳತೆಗಳಿಂದ ಕಲಿತು ಅಂದಾಜಿಸುವ ಗಣಕ ವಿಧಾನ) ತುಂಬಿದ ಮೌಲ್ಯಗಳನ್ನು ನೇರ ಅಳತೆಯಂತೆ ಬಳಸಿದರೆ, ಒಂದು ಮಾದರಿಯನ್ನು ಇನ್ನೊಂದು ಮಾದರಿಯಿಂದಲೇ ಪರೀಕ್ಷಿಸಿದಂತಾಗುತ್ತದೆ. ಅದೃಷ್ಟವಶಾತ್, ತುಂಬದ ಮೂಲ ಸರಣಿಯನ್ನೂ ಪ್ರತ್ಯೇಕವಾಗಿ ಕೊಟ್ಟಿದ್ದಾರೆ. ನನ್ನ ಸಲಹೆ, ಶೀತಕಾಲದ ಹೋಲಿಕೆಗೆ ಅದನ್ನೇ ಬಳಸಿ.