ರಾಜ್ಯಶಾಸ್ತ್ರ ಎಂ.ಎ.: ಪ್ರಶ್ನೋತ್ತರದ ಗೈಡೋ, ಇಗ್ನೋ ಪಠ್ಯವೋ?

ರಾಜ್ಯಶಾಸ್ತ್ರದ ಎಂ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು ಯಾವುದಾದರೂ ಒಂದಕ್ಕೆ ಮಾತ್ರ ಹಣ ಹಾಕುವುದಾದರೆ, ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪಠ್ಯದ ಜೆರಾಕ್ಸಿಗೆ ಹಾಕುವುದು ಮೇಲು. ಪೇಟೆಯ ಗೈಡನ್ನೂ ಅದನ್ನೂ ಜೊತೆಯಲ್ಲಿಟ್ಟು ಓದಿದ ಮೇಲೆ ನನಗೆ ಈ ವಿಷಯದಲ್ಲಿ ಸಂಶಯ ಉಳಿದಿಲ್ಲ.

ಗೈಡು ಕನ್ನಡದಲ್ಲಿದೆ, ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಕೊಡುತ್ತದೆ. ಅದರ ತೊಡಕು ಒಂದೇ, ಆದರೆ ದೊಡ್ಡದು: ತೀರ್ಮಾನವನ್ನು ಹೇಳಿ ಕಾರಣವನ್ನು ಬಿಟ್ಟುಬಿಡುತ್ತದೆ. ನಾನು ಕೊಂಡ ಗೈಡಿನಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣಕ್ಕೆ ಸಿಕ್ಕಿದ್ದು, 356ನೇ ವಿಧಿಯ (ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ ಸಂವಿಧಾನದ ವಿಧಿ) ಬಗ್ಗೆ 1994ರಲ್ಲಿ ಬಂದ ಮಹತ್ವದ ತೀರ್ಪು ಎಂಬ ಒಂದು ಸಾಲು. 1989ರ ಏಪ್ರಿಲ್‌ನಲ್ಲಿ ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ರಾಜ್ಯಪಾಲರ ವರದಿಯ ಮೇರೆಗೆ ನಮ್ಮ ರಾಜ್ಯದ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕೆಂದದ್ದು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದೆಂದದ್ದು, ಇವು ಯಾವುವೂ ಅಲ್ಲಿಲ್ಲ. ಇವಿಲ್ಲದೆ ರಾಜ್ಯಪಾಲರ ವಿವೇಚನಾಧಿಕಾರದ ಮೇಲೆ ಪ್ರಶ್ನೆ ಬಂದರೆ ಬಾಯಿಪಾಠ ಮಾಡಿದವರು ಏನು ಬರೆಯಬೇಕು?

ಪಂಚಾಯತ್ ರಾಜ್ ಅಧ್ಯಾಯದಲ್ಲೂ ಇದೇ ಕೊರತೆ. ಅದು ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯಿಂದಲೇ ಆರಂಭವಾಗುತ್ತದೆ. ಅದಕ್ಕೂ ಮೊದಲೇ, ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಕರ್ನಾಟಕ 1983ರ ಪಂಚಾಯತ್ ಕಾಯ್ದೆ ತಂದು ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. ಕರ್ನಾಟಕದ ವಿದ್ಯಾರ್ಥಿಗಳಿಗೆಂದೇ ಬರೆದ ಪುಸ್ತಕ ಇದನ್ನು ಬಿಡಬಾರದಿತ್ತು.

ಇಗ್ನೋ ಪಠ್ಯ ಆ ವಿಶ್ವವಿದ್ಯಾಲಯದ ಜಾಲತಾಣವಾದ ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತದೆ. ಖರ್ಚು ಜೆರಾಕ್ಸ್ ಮತ್ತು ಸ್ಪೈರಲ್ ಬೈಂಡಿಂಗಿನದು ಮಾತ್ರ. ಅದು ವಿಷಯವನ್ನು ವಾದವಾಗಿ ಬೆಳೆಸುತ್ತದೆ, ಘಟಕದ ಕೊನೆಯಲ್ಲಿ ಮುಂದೆ ಓದಬೇಕಾದ ಪುಸ್ತಕಗಳನ್ನು ಸೂಚಿಸುತ್ತದೆ. ಗೈಡು ಬಿಟ್ಟದ್ದನ್ನು ಗ್ರಂಥಾಲಯದಲ್ಲಿ ಹುಡುಕುವ ಅಭ್ಯಾಸ ನನಗೆ ಬಂದದ್ದು ಆ ಪಟ್ಟಿಗಳಿಂದಲೇ. ಆದರೆ ಪಠ್ಯ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಹೀಗಾಗಿ ಪ್ರತಿ ಘಟಕಕ್ಕೂ ನಾನೇ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಕೆಲಸ ನಿಧಾನ, ಆದರೆ ಪರೀಕ್ಷೆಯಲ್ಲಿ ಕೈ ಹಿಡಿಯುವುದು ಆ ಟಿಪ್ಪಣಿಯೇ.

ಪೆನ್ಸಿಲ್ ಹಿಡಿದು ಕಾಗದದ ಮೇಲೆ ಓದುವ ರೂಢಿಯೂ ಸೆಮಿಸ್ಟರ್ ಪೂರ್ತಿ ಸಮಯವೂ ಇರುವವರಿಗೆ ನನ್ನ ಆಯ್ಕೆ ಒಗ್ಗುತ್ತದೆ. ಉದ್ಯೋಗದಲ್ಲಿದ್ದು ಪರೀಕ್ಷೆಗೆ ಒಂದು ತಿಂಗಳಷ್ಟೇ ಉಳಿದವರು ಗೈಡನ್ನೇ ಹಿಡಿಯಬೇಕಾದೀತು. ಆಗಲೂ ಹೊಸದನ್ನು ಕೊಳ್ಳದೆ, ಹಿರಿಯ ವಿದ್ಯಾರ್ಥಿಗಳಿಂದ ಹಳೆಯ ಪ್ರತಿ ಪಡೆದು ಪ್ರಶ್ನೆಪತ್ರಿಕೆಗಳಿಗೆ ಮಾತ್ರ ಬಳಸಿ, ಉತ್ತರಗಳನ್ನು ಸ್ವತಃ ಬರೆದು ಅಭ್ಯಾಸ ಮಾಡುವುದು ಒಳಿತು.